ಕೋವಿಗೆ ಎಣ್ಣೆಸ್ನಾನ
ಚುನಾವಣೆ ಬಂತೆಂದರೆ ನಮ್ಮ ಬಸ್ತಿಹಳ್ಳಿ ಮನೆಯ ಜೋಡುನಳಿಗೆ ಕೋವಿ ತವರಿಗೆ ಹೋದಂತೆ ಠಾಣೆಗೆ ಹೋಗುತ್ತದೆ. ಹೋದ ಸಲ ವಾಪಸು ತಂದವನೇ ಅಟ್ಟಕ್ಕೇರಿಸಿ ಮರೆತುಬಿಟ್ಟೆ. ಮೊನ್ನೆ ಹಂದಿಗಳು ಜೋಳಕ್ಕೆ ನುಗ್ಗಿದಾಗ, ಹೆದರಿಸೋಣವೆಂದು ಇಳಿಸಿದೆ. ಮಡಚಿ, ತೋಟಾ ಇಲ್ಲವೆಂದು ಮೂರು ಸಲ ನೋಡಿ, ನಳಿಗೆಗೆ ಕಣ್ಣಿಟ್ಟರೆ ಅಮಾವಾಸ್ಯೆ! ಸರಳಿಗೆ ಬಟ್ಟೆ ಸುತ್ತಿ ತಳ್ಳಿದೆ. ಕಣಜ ಕಟ್ಟಿದ್ದ ಮಣ್ಣಿನ ಮನೆ ಪುಡಿಪುಡಿಯಾಗಿ ಮಡಿಲಿಗೆ ಬಿತ್ತು. ಬಟ್ಟೆ ಮಾತ್ರ ಒಳಗೇ ಬೀಡುಬಿಟ್ಟಿತು. ಅದು ನನ್ನವಳ ಹೊಸ ರವಿಕೆ ಕಣವಂತೆ.

ಪಕ್ಕದ ಪಾರ್ಶ್ವನಾಥ ಬಸದಿ 1133ರದ್ದು. ಅದರ ಕಂಬಗಳಲ್ಲಿ ಇಂದಿಗೂ ಮುಖ ಕಾಣುತ್ತದೆ. "ಅವಕ್ಕೆ ಯಾರ ರವಿಕೇಲಿ ಒರೆಸಿದ್ರಂತೆ ರೀ?" ಅಂದಳು. ನಾನು ಹೊಲಿಗೆ ಮಿಷನ್ನಿನ ಎಣ್ಣೆ ಹುಡುಕುವವನಂತೆ ಒಳಗೆ ನುಸುಳಿದೆ. ಹೊಲದಲ್ಲಿ ಹಂದಿಗಳ ಎರಡನೇ ಪಂಕ್ತಿ ಕೂತಿತ್ತು.