ಮಿಣುಕುದೀಪದ ಅನುಮಾನಖಂಡ

ಬೈಕಿನ ಸ್ಪೀಡೋಮೀಟರಿನ ಪಕ್ಕದಲ್ಲಿ ರಾತ್ರಿಯೆಲ್ಲ ಮಿಣುಕುತ್ತ, ಇಲ್ಲದ ಸೈರನ್ನೊಂದು ಇದೆಯೆಂಬ ಭ್ರಾಂತಿಯನ್ನು ಪರರ ಸ್ವತ್ತಿನಲ್ಲಿ ಆಸಕ್ತರಾದವರಲ್ಲಿ ಹುಟ್ಟಿಸುವ ಕೆಂಪು ಎಲ್‌ಇಡಿಗೆ ಇಲ್ಲಿ ‘ಮಿಣುಕುದೀಪ’ವೆಂದು ಹೆಸರು. ಇದನ್ನು ವಿದ್ಯುತ್ ಉಪಕರಣಗಳ ಸಾಲಿಗೆ ಸೇರಿಸುವ ವಾಡಿಕೆಯಿದ್ದರೂ ಅದು ಸಾಧುವಲ್ಲ. ಕುಲಗೋತ್ರ ವಿಚಾರಿಸಿದರೆ ಇದು ಹೊಲದ ಬೆರ್ಚಪ್ಪನ ವಂಶದ್ದು, ಹೊಸ ಮನೆಯ ಮುಂದೆ ತೂಗುವ ದೃಷ್ಟಿಗೊಂಬೆಗೆ ದಾಯಾದಿ.

ಕಳ್ಳನಿಗೂ ದೀಪಕ್ಕೂ ಇರುವ ವೈರ ಪ್ರಾಚೀನವಾದುದು. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನು ಜನಿವಾರವನ್ನೇ ಅಳತೆದಾರವಾಗಿಸಿಕೊಂಡು ಗೋಡೆಗೆ ಕನ್ನ ಕೊರೆದು ಒಳಹೊಕ್ಕು, ಉರಿಯುವ ದೀಪವನ್ನು ಆರಿಸಲೆಂದೇ ತಂದಿದ್ದ ಹುಳುವನ್ನು ಹಾರಿಬಿಡುತ್ತಾನೆ. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಎಲ್‌ಇಡಿಯನ್ನು ರೂಪಿಸಿದ ಮೇಲೆ ಆ ಹುಳುವಿನ ಕಸುಬು ನಿಂತುಹೋಯಿತೆಂಬುದನ್ನು ಸಂಸ್ಕೃತ ವಿದ್ವಾಂಸರಾಗಲಿ ಎಲೆಕ್ಟ್ರಿಷಿಯನ್ನರಾಗಲಿ ಗಮನಿಸಿದಂತಿಲ್ಲ.

ಇನ್ನು ಪ್ರತಿಷ್ಠಾಪನೆ. ಸುಮಾರು 2 ವೋಲ್ಟಿಗೆ ತೃಪ್ತವಾಗುವ ಎಲ್‌ಇಡಿಯನ್ನು 12 ವೋಲ್ಟಿನ ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಅದು ಒಮ್ಮೆ ಬೆಳಗಿ ಮೋಕ್ಷ ಪಡೆಯುವುದರಿಂದ, ನಡುವೆ ಕಂದು, ಕಪ್ಪು, ಕೆಂಪು ಪಟ್ಟೆಗಳನ್ನು ವಿಭೂತಿಯಂತೆ ಧರಿಸಿದ 1 ಕಿಲೋಓಮ್ ರೆಸಿಸ್ಟರನ್ನು, ಅಂದರೆ ವಿದ್ಯುತ್ತಿನ ಹರಿವನ್ನು ತಗ್ಗಿಸುವ ಬಿಡಿಭಾಗವನ್ನು, ಕೂರಿಸತಕ್ಕದ್ದು. ಆಗ ಹರಿಯುವುದು 10 ಮಿಲಿಆಂಪಿಯರ್ ಮಾತ್ರ. 5 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದಲ್ಲಿ 20 ದಿನ ತಾಳುತ್ತದೆ, ದೀಪ ಮಿಣುಕುವ ಜಾತಿಯದಾದರೆ ಇನ್ನೂ ಹೆಚ್ಚು. ದೀಪದ ತಂತಿಯ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ತಂತಿಗೂ ಕೊಟ್ಟರೆ, ಕೀಲಿ ಆನ್ ಆದಾಗ ಎರಡೂ ಕಡೆ 12 ವೋಲ್ಟ್ ಸಮವಾಗಿ ದೀಪ ತಾನೇ ಆರುತ್ತದೆ. ಆಫ್ ಆದಾಗ ಫ್ಯೂಯೆಲ್ ಗೇಜ್ ಮೊದಲಾದವುಗಳ ಮೂಲಕ ಅರ್ಥ್ ಸಿಕ್ಕಿ ಮತ್ತೆ ಮಿಣುಕುತ್ತದೆ. ಬೇರೆ ಸ್ವಿಚ್ಚು ಬೇಕಿಲ್ಲ. ಮರೆಗುಳಿ ಮಾಲೀಕರಿಗೆ ಇಷ್ಟು ಅನುಕೂಲವಾದ ವಿಧಿ ಆಗಮಗಳಲ್ಲೂ ವಿರಳ. ಇನ್ಸುಲೇಷನ್ ಟೇಪು ಸುತ್ತುವುದರಲ್ಲಿ ಜಿಪುಣತನ ಮಾಡಿದವರು ಮೊದಲ ಮಳೆಯಲ್ಲೇ ಫ್ಯೂಸಿನ ಬೆಲೆ ಅರಿಯುತ್ತಾರೆ.

ದೀಪದ ನಿಜವಾದ ಬಲವಿರುವುದು ತರ್ಕಶಾಸ್ತ್ರದಲ್ಲಿ. ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂದು ಊಹಿಸುವುದಕ್ಕೆ ನೈಯಾಯಿಕರು ‘ಅನುಮಾನ’ವೆಂದರು, ಕನ್ನಡಿಗರು ಅದೇ ಪದವನ್ನು ಸಂಶಯಕ್ಕೆ ಬಳಸಿದರು. ಮಿಣುಕುದೀಪವು ಈ ಎರಡೂ ಅರ್ಥಗಳನ್ನು ಒಬ್ಬನೇ ಕಳ್ಳನಲ್ಲಿ ಕೂಡಿಸುತ್ತದೆ: ದೀಪವಿದ್ದಲ್ಲಿ ಸೈರನ್ ಇದೆಯೆಂದು ಅವನು ಅನುಮಾನಿಸುತ್ತಾನೆ, ಆದ್ದರಿಂದ ಮುಟ್ಟಲು ಅನುಮಾನಿಸುತ್ತಾನೆ. ಇದು ಶುದ್ಧ ಹೇತ್ವಾಭಾಸ, ಅಂದರೆ ಕಾರಣದಂತೆ ತೋರುವ ಅಕಾರಣ. ಹೀಗೆ ಮಾಲೀಕನ ಆಸ್ತಿಯು ಕಳ್ಳನ ತರ್ಕದೋಷವನ್ನೇ ನಂಬಿ ನಿಂತಿರುವುದರಿಂದ, ಕಳ್ಳನು ನ್ಯಾಯಶಾಸ್ತ್ರದಲ್ಲಿ ಪಳಗಿದವನಾಗಿದ್ದರೆ ಗಾಡಿ ಹೋಯಿತೆಂದೇ ತಿಳಿಯಬೇಕು. ಏನೂ ಯೋಚಿಸದವನಾಗಿದ್ದರೂ ಅಷ್ಟೇ. ದೀಪವು ಕಾಯುವುದು ಅರೆವಿದ್ಯೆಯ ಕಳ್ಳರಿಂದ ಮಾತ್ರ.

ಹ್ಯಾಂಡಲ್ ಲಾಕ್ ಹಾಕುವುದು ಇಲ್ಲಿಯೂ ವಿಹಿತವೇ. ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ಹೋದ ಪಕ್ಷದಲ್ಲಿ, ಪಕ್ಕದಲ್ಲೇ ಮಿಣುಕುವ ದೀಪವು ಬಂದವನಿಗೆ ಅದು ಎಲ್ಲಿದೆಯೆಂಬುದನ್ನು ಬೆಳಗಾಗುವವರೆಗೂ ತೋರಿಸುತ್ತಿರುತ್ತದೆ.