ಬಿಸಿಲು ಅತಿಥಿಗೆ, ನೆರಳು ಮನೆಯವರಿಗೆ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಎದುರಾಳಿ ತಂಡದ ಅಭಿಮಾನಿಗೆ ಸಲ್ಲುವ ಸತ್ಕಾರ ಸೀಟಿನಿಂದಲೇ ಶುರುವಾಗುತ್ತದೆ. ಸಾಮಾನ್ಯವಾಗಿ ಅದು ಮೇಲಿನ ಅಂತಸ್ತಿನ ಮೂಲೆ. ಅಲ್ಲಿಂದ ಚೆಂಡು ಕಾಣದಿದ್ದರೂ ಸೂರ್ಯ ಚೆನ್ನಾಗಿ ಕಾಣುತ್ತಾನೆ. ಲೋಹದ ಬೆಂಚು, ಸೆಪ್ಟೆಂಬರಿನ ಫ್ಲಾರಿಡಾ, ಮಧ್ಯಾಹ್ನ ಹನ್ನೆರಡರ ಆಟ. 33 ಡಿಗ್ರಿಗೆಲ್ಲ ಇಷ್ಟು ರಂಪವೇ ಎಂದು ರಾಯಚೂರಿನವರು ನಗಬಹುದು. ಮಂಗಳೂರಿನ ಮೇ ತಿಂಗಳು ಕಂಡವರು ನಗಲಾರರು: ಬೆವರು ಬರುತ್ತದೆ, ಆರುವುದಿಲ್ಲ.

ಗೇನ್ಸ್‌ವಿಲ್‌ನ ಫ್ಲಾರಿಡಾ ವಿಶ್ವವಿದ್ಯಾಲಯ ಇದನ್ನೇನೂ ಮುಚ್ಚಿಟ್ಟಿಲ್ಲ. ನೆಲಮಟ್ಟಕ್ಕಿಂತ ಕೆಳಗೆ ಅಂಗಳವಿರುವ, 88,000ಕ್ಕೂ ಹೆಚ್ಚು ಜನ ಹಿಡಿಸುವ ತನ್ನ ಕ್ರೀಡಾಂಗಣವನ್ನು ‘ದ ಸ್ವಾಂಪ್’ ಎಂದು ಹೆಮ್ಮೆಯಿಂದಲೇ ಕರೆದುಕೊಳ್ಳುತ್ತದೆ. ಜೌಗಿಗೆ ಇಳಿದವನು ಮೊಸಳೆಯ ಪಾಲು ಎಂಬ ಧಾಟಿಯಲ್ಲಿ 1990ರ ದಶಕದಲ್ಲಿ ಆ ಹೆಸರಿಟ್ಟವರು ಕೋಚ್ ಸ್ಟೀವ್ ಸ್ಪರಿಯರ್. ಮಯಾಮಿಯವರು ಇನ್ನೂ ಜಾಣರು. ಅಲ್ಲಿನ ಕಾಲೇಜು ತಂಡ ಆಡುವ ಹಾರ್ಡ್ ರಾಕ್ ಕ್ರೀಡಾಂಗಣಕ್ಕೆ 2016ರಲ್ಲಿ ಭಾರಿ ಚಾವಣಿ ಬಂತು. ಹಗಲಿನ ಪಂದ್ಯದಲ್ಲಿ ನೆರಳು ಆತಿಥೇಯರ ಬೆಂಚಿಗೆ, ಬಿಸಿಲು ಅತಿಥಿಗಳ ಬೆಂಚಿಗೆ. ಸೂರ್ಯನನ್ನೇ ತಂಡಕ್ಕೆ ಸೇರಿಸಿಕೊಂಡಿದ್ದಾರೆ, ಅದೂ ಸ್ಕಾಲರ್‌ಶಿಪ್ ಕೊಡದೆ.

1965ರಲ್ಲಿ ಇದೇ ಗೇನ್ಸ್‌ವಿಲ್‌ನಲ್ಲಿ, ಸೆಕೆಗೆ ಕುಸಿಯುತ್ತಿದ್ದ ಆಟಗಾರರಿಗಾಗಿ ಡಾ. ರಾಬರ್ಟ್ ಕೇಡ್ ಮತ್ತು ಸಂಗಡಿಗರು ನೀರಿಗೆ ಉಪ್ಪು, ಸಕ್ಕರೆ, ನಿಂಬೆರಸ ಮುಂತಾದುವನ್ನು ಬೆರೆಸಿದರು. ನಮ್ಮಲ್ಲಾಗಿದ್ದರೆ ಅದು ಜಾತ್ರೆಯ ಅರವಟ್ಟಿಗೆಯಲ್ಲಿ ಪುಕ್ಕಟೆ ಹಂಚುವ ಶರಬತ್ತು. ಅಲ್ಲಿ ಅದು ದುಡ್ಡಿಗೆ ಮಾರುವ ಗ್ಯಾಟೊರೇಡ್. ಪಾಲಿಗಾಗಿ ವಿಶ್ವವಿದ್ಯಾಲಯ ಕೋರ್ಟು ಹತ್ತಿ, ಕೊನೆಗೆ ರಾಯಧನದಲ್ಲಿ ಶೇ. 20 ಗಿಟ್ಟಿಸಿತು. ಬಾಯಾರಿಸುವ ಅಂಗಳವೂ ಅವರದೇ, ಬಾಯಾರಿಕೆಯ ಬಾಟಲಿಯಲ್ಲಿ ಪಾಲೂ ಅವರಿಗೇ.

ಸುಡುಬಿಸಿಲಿನ ಹನ್ನೆರಡಕ್ಕೇ ಆಟವೇಕೆ? ಟಿವಿಯವರನ್ನು ಕೇಳಬೇಕು. ಎಷ್ಟೋ ಪಂದ್ಯಗಳ ವೇಳೆ ಗೊತ್ತಾಗುವುದು 12 ದಿನ, ಕೆಲವೊಮ್ಮೆ 6 ದಿನ ಮೊದಲು. ಅಷ್ಟರಲ್ಲಿ ನೀವು ಟಿಕೆಟ್ಟು, ಹೋಟೆಲು ಎಲ್ಲಕ್ಕೂ ದುಡ್ಡು ಕಟ್ಟಿಯಾಗಿರುತ್ತದೆ. ಗಡಿಯಾರದ ಲೆಕ್ಕದಲ್ಲಿ ಆಟ 60 ನಿಮಿಷದ್ದು, ಕೂತವನ ಲೆಕ್ಕದಲ್ಲಿ ಸುಮಾರು ಮೂರೂವರೆ ಗಂಟೆ. ನಡುನಡುವೆ ಗಟ್ಟಿಮುಟ್ಟಾದ ಹುಡುಗರು ಹೆಲ್ಮೆಟ್ ತೊಟ್ಟು ಸುಮ್ಮನೆ ನಿಂತಿರುತ್ತಾರೆ. ಮನೆಯಲ್ಲಿ ಎಸಿ ಹಾಕಿಕೊಂಡು ಕೂತವರಿಗೆ ಟ್ರಕ್ಕಿನ ಜಾಹೀರಾತು ಮುಗಿಯಬೇಕಲ್ಲ! ಕೊಡೆ ಬಿಚ್ಚೋಣವೆಂದರೆ ಬಹಳಷ್ಟು ಕಡೆ ಅದು ನಿಷಿದ್ಧ. ಚೀಲವಂತೂ ಪಾರದರ್ಶಕವಾಗಿರಬೇಕು, ಸನ್‌ಸ್ಕ್ರೀನ್ ಎಷ್ಟು ಉಳಿದಿದೆಯೆಂದು ಪಕ್ಕದವರಿಗೂ ಕಾಣುವಂತೆ. ಆತಿಥೇಯ ಅಭಿಮಾನಿಗಳೂ ಬೇಯುತ್ತಾರೆ, ನಿಜ. ಆದರೆ ಅವರಲ್ಲಿ ಅನೇಕರಿಗೆ ಅರ್ಧ ಆಟಕ್ಕೇ ಎದ್ದು ಹೋಗಲು ಮನೆ ಹತ್ತಿರ. ಎಂಟುನೂರು ಕಿಲೋಮೀಟರ್ ಕಾರು ಓಡಿಸಿ ಬಂದವನು ಏಳುವಂತಿಲ್ಲ. ಎದ್ದರೆ ಸೋತಂತೆ, ಕೂತರೆ ಬೆಂದಂತೆ.

ನೆರಳು ಮಾಡಿಸಲು ದುಡ್ಡಿಲ್ಲವೆಂದು ಯಾರೂ ಹೇಳದಿರಲಿ. 2023ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದುಹಾಕಲು ಒಪ್ಪಂದದಂತೆ 7.5 ಕೋಟಿ ಡಾಲರಿಗೂ ಮೀರಿದ ಹೊಣೆ ಹೊತ್ತಿತು. ಕೆಲಸ ಮಾಡದಿರಲು ಅಷ್ಟು ಕೊಡುವ ಆಟಕ್ಕೆ ಮೂಲೆಯ ಸೀಟಿಗೊಂದು ಚಪ್ಪರ ಭಾರವಲ್ಲ, ಬೇಡ ಅಷ್ಟೆ. ಬೆಂದವನ ಗಂಟಲಿನಿಂದ ಕೂಗು ಹೊರಡುವುದಿಲ್ಲವಲ್ಲ.

ಹೋಗಲೇಬೇಕೆಂದರೆ ನವೆಂಬರಿನ ಪಂದ್ಯ ಹುಡುಕಿ. ಸೆಪ್ಟೆಂಬರಿನದೇ ಆಗಬೇಕೆಂದರೆ, ತಂಡಗಳ ಬಲಾಬಲ ಆಮೇಲಿರಲಿ. ನಿಮ್ಮ ಸೀಟು ಯಾವ ದಿಕ್ಕಿಗೆ ಮುಖ ಮಾಡಿದೆಯೆಂದು ಮೊದಲು ವಿಚಾರಿಸಿಕೊಳ್ಳಿ.