ನಿಯಮಪಾಲಕ ಮಹನೀಯರಿಗೊಂದು ಬಿನ್ನವತ್ತಳೆ

ತೈಲ ಸಂಸ್ಕರಣಾ ಉದ್ಯಮದಲ್ಲಿ ಪರಿಸರ ನಿಯಮಗಳ ಪಾಲನೆ ಹೇಗಿರಬೇಕೆಂದು ಚರ್ಚಿಸಲು ನಾನಾ ಊರುಗಳಿಂದ ವಿಮಾನದಲ್ಲಿ ಬಂದಿಳಿದಿರುವ ವ್ಯವಸ್ಥಾಪಕರೇ, ಸಲಹೆಗಾರರೇ, ಮಾಪನ ಯಂತ್ರಗಳ ಮಾರಾಟಗಾರರೇ, ಮೊನ್ನೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನಿವೃತ್ತರಾಗಿ ನಿನ್ನೆಯಿಂದ ಸಲಹೆಗಾರರಾಗಿರುವ ಹಿರಿಯರೇ,

ಮೊದಲು ಉದ್ಘಾಟನೆಗೆ ಅಭಿನಂದನೆ. ದೀಪ ಹಚ್ಚಿದರೆ ಹೊಗೆಯಾದೀತೆಂದು ಕುಂಡದ ಗಿಡಕ್ಕೆ ನೀರೆರೆದಿರಿ. ಕೊರಳಿಗೆ ಬ್ಯಾಡ್ಜು, ಹೆಗಲಿಗೆ ಸೆಣಬಿನ ಚೀಲ, ಚೀಲದೊಳಗೆ ಪೆನ್ನು, ನೋಟ್‌ಪ್ಯಾಡು, ಸೋರಿಕೆ ಪತ್ತೆಹಚ್ಚುವ ಯಂತ್ರದ ಬಣ್ಣಬಣ್ಣದ ಕರಪತ್ರ. ಸಭಾಂಗಣಕ್ಕೆ ಕಿಟಕಿಯೇ ಇಲ್ಲ. ಗಾಳಿಯ ಗುಣಮಟ್ಟದ ಚರ್ಚೆಗೆ ಹೊರಗಿನ ಗಾಳಿ ಅಡ್ಡ ಬರಬಾರದು ನೋಡಿ.

ನನ್ನನ್ನು ನೀವು ಕರೆದಿಲ್ಲ, ಕರೆಯುವ ಕಾರಣವೂ ಇಲ್ಲ. ನಾನು ಎಂಜಿನಿಯರಲ್ಲ, ಮಂಡಳಿಯವನಲ್ಲ, ಹೋರಾಟಗಾರನೂ ಅಲ್ಲ. ನನಗಿರುವುದು ಒಂದು ಚಟ: ನೀವು ಬರೆದದ್ದನ್ನು ಓದುವುದು. ಜೂನ್ 1ಕ್ಕೊಮ್ಮೆ, ಡಿಸೆಂಬರ್ 1ಕ್ಕೊಮ್ಮೆ ನೀವು ಸಲ್ಲಿಸುವ ಅರ್ಧವಾರ್ಷಿಕ ಪಾಲನಾ ವರದಿಗಳನ್ನು ಬೇರೆಯವರು ದೀಪಾವಳಿ ವಿಶೇಷಾಂಕಕ್ಕೆ ಕಾದಂತೆ ಕಾದು ಓದುತ್ತೇನೆ. ಕನ್ನಡದಲ್ಲಿ ಇಷ್ಟೊಂದು ವಿಮರ್ಶಕರಿದ್ದೂ ಈ ಪ್ರಕಾರದ ಬಗ್ಗೆ ಒಂದು ವಿಚಾರ ಸಂಕಿರಣವೂ ಆಗಿಲ್ಲ. ಆ ಕೊರತೆ ತುಂಬಲು ಈ ಬಿನ್ನವತ್ತಳೆ. ಶಾಲು, ಹಾರ, ಹಣ್ಣಿನ ಬುಟ್ಟಿ ನಿಮ್ಮ ಪ್ರಾಯೋಜಕರ ಲೆಕ್ಕದಲ್ಲಿ.

ವರದಿಯ ಪುಟದಲ್ಲಿ ಎರಡು ಅಂಕಣ. ಎಡಗಡೆ ಸರ್ಕಾರ ಹಾಕಿದ ಷರತ್ತು, ಬಲಗಡೆ ಕಂಪನಿಯ ಉತ್ತರ. ಎಡ ಅಂಕಣ ಗದ್ಯ: ಉದ್ದ, ಒಣ, ‘ತಕ್ಕದ್ದು’ಗಳ ಸಾಲು. ಬಲ ಅಂಕಣ ಕಾವ್ಯ. ಪಾಲಿಸಲಾಗಿದೆ. ಪಾಲಿಸಲಾಗುತ್ತಿದೆ. ಗಮನಿಸಲಾಗಿದೆ. ಎಂಥ ಸಂಯಮ! ಯಾರು ಪಾಲಿಸಿದರು, ಯಾವತ್ತು ಪಾಲಿಸಿದರು ಎಂಬ ಒರಟು ವಿವರಗಳಿಗೆ ಇಲ್ಲಿ ಜಾಗವಿಲ್ಲ. ಜಮೀನಿನ ಮೂರರಲ್ಲೊಂದು ಭಾಗ ಹಸಿರು ಪಟ್ಟಿ ಬೆಳೆಸಬೇಕೆಂದು ಎಡಗಡೆ ಇದ್ದರೆ, ಪಾಲಿಸಲಾಗುತ್ತಿದೆ, ವಿಶ್ವ ಪರಿಸರ ದಿನದಂದು ಸಸಿ ನೆಡಲಾಯಿತು ಎಂದು ಬಲಗಡೆ. ಆರು ತಿಂಗಳು ಕಳೆದರೂ ಪಾಲಿಸಲಾಗುತ್ತಿದೆ. ಆರು ವರ್ಷ ಕಳೆದರೂ ಪಾಲಿಸಲಾಗುತ್ತಿದೆ. ಸಸಿ ಬೆಳೆಯಿತೋ ಇಲ್ಲವೋ, ವರ್ತಮಾನ ಕಾಲ ಮಾತ್ರ ಹುಲುಸಾಗಿ ಬೆಳೆದಿದೆ. ಇನ್ನು ‘ಗಮನಿಸಲಾಗಿದೆ’ ಎಂಬುದಂತೂ ಈ ಪ್ರಕಾರದ ಮೇರುಕೃತಿ. ಸುತ್ತಲಿನ ವಸತಿಗೆ ತೊಂದರೆಯಾಗದಂತೆ ವಾಸನೆ ತಡೆಯಬೇಕು ಎಂದರೆ, ಗಮನಿಸಲಾಗಿದೆ. ಮನೆಯಲ್ಲಿ ಗ್ಯಾಸ್ ಸೋರುತ್ತಿದೆ ಎಂದು ಹೆಂಡತಿ ಕೂಗಿದಾಗ ನಾನೂ ಒಮ್ಮೆ ಇದೇ ಉತ್ತರ ಕೊಟ್ಟು ನೋಡಿದೆ. ಮುಂದೇನಾಯಿತೆಂದು ಇಲ್ಲಿ ಬರೆಯುವಂತಿಲ್ಲ.

ಅನುಮತಿಗೆ ಮುಂಚೆ ನಡೆಯುವ ಸಾರ್ವಜನಿಕ ಆಲಿಕೆ ಸಭೆಯ ಬಗ್ಗೆ ಎರಡೇ ಮಾತು. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಅದಕ್ಕೆ ಕೋರಂ ಬೇಕಿಲ್ಲ. ಗ್ರಾಮ ಸಭೆಗೂ ಕೋರಂ ಬೇಕು. ಜನರ ಮಾತು ಕೇಳಲಿಕ್ಕೆಂದೇ ಕರೆದ ಸಭೆ ಮಾತ್ರ ಜನರಿಲ್ಲದೆಯೂ ಸಾಂಗವಾಗಿ ನೆರವೇರಬಲ್ಲದು. ಬಂದವರಿಗೆ ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗುತ್ತದೆ. ಕ್ಯಾನ್ಸರ್ ತರಬಲ್ಲ ಬೆಂಜೀನು ಸಾರಾಂಶದ ರೂಪದಲ್ಲಿ ಬರುವುದಿಲ್ಲ ಎಂಬುದಷ್ಟೇ ತಕರಾರು.

ಈಗ ನಿಮ್ಮ ನಿಜವಾದ ವಿದ್ಯೆಗೆ, ಅಳತೆಗೆ, ಬರುತ್ತೇನೆ. ಒಂದು ಸಂಸ್ಕರಣಾಗಾರದಲ್ಲಿ ವಾಲ್ವು, ಪಂಪು, ಫ್ಲ್ಯಾಂಜುಗಳು ಸಾವಿರಗಟ್ಟಲೆ. ಒಂದೊಂದರ ಕೀಲಿಗೂ ಯಂತ್ರದ ಮೂತಿ ತಾಗಿಸಿ, ನಿಧಾನವಾಗಿ ಸುತ್ತ ಸರಿಸುತ್ತ, ಸೋರುತ್ತಿದೆಯೇ ಎಂದು ಮೂಸಬೇಕು. ಬಿಸಿಲು, ಏಣಿ, ತಲೆಗೆ ಹೆಲ್ಮೆಟ್ಟು. ಭಾರೀ ತಾಳ್ಮೆಯ ಕೆಲಸ. ಮೂತಿಯನ್ನು ಒಂದು ಗೇಣು ದೂರ ಹಿಡಿದು ಬೀಸಾಗಿ ನಡೆದುಬಿಟ್ಟರೆ ಜಗತ್ತಿನ ಯಾವ ವಾಲ್ವೂ ಸೋರುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯವರು ಹದಿನೇಳು ಸಂಸ್ಕರಣಾಗಾರಗಳಿಗೆ ಹೋಗಿ ತಾವೇ ಅಳೆದು, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಂಪನಿಗಳ ಲೆಕ್ಕದಲ್ಲಿ ಸೋರುತ್ತಿದ್ದದ್ದು ಸರಾಸರಿ ಶೇ 1.3. ಸಂಸ್ಥೆಯ ಲೆಕ್ಕದಲ್ಲಿ ಶೇ 5. ಅವೇ ಕಾರ್ಖಾನೆಗಳು, ಅಳೆದ ಕೈ ಮಾತ್ರ ಬೇರೆ. ವಾಲ್ವುಗಳಿಗೂ ಸಂಕೋಚ ಇರುತ್ತದೇನೋ, ಮನೆಯವರೆದುರು ಸೋರುವುದಿಲ್ಲ.

ನಮ್ಮಲ್ಲಿ ಚಿಮಣಿಗೇ ಯಂತ್ರ ಕೂರಿಸಿದ್ದೀರಿ. 2014ರ ಆದೇಶದ ಮೇಲೆ ಅಂಕಿಗಳು ನೇರವಾಗಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ವರಿಗೆ ಹೋಗುತ್ತವೆ. ಮಿತಿ ಮೀರಿದರೆ ಎಸ್ಸೆಮ್ಮೆಸ್. ಯಂತ್ರ ಕೊಳ್ಳುವವರು ನೀವು, ಅದರ ಮುಳ್ಳು ಸರಿಯಾಗಿದೆಯೇ ಎಂದು ನೋಡುವವರು ನೀವು ದುಡ್ಡು ಕೊಟ್ಟು ಕರೆಸುವವರು. ಸ್ವಾವಲಂಬನೆ ಅಂದರೆ ಇದು. ಎಸ್ಸೆಮ್ಮೆಸ್ ನಿಮಗೂ ಮಂಡಳಿಗೂ ಬರುತ್ತದೆ. ಬೇಲಿಯಾಚೆಯ ಮನೆಗೆ ಬರುವುದು ವಾಸನೆ ಮಾತ್ರ. ಅದಕ್ಕೆ ನೆಟ್‌ವರ್ಕ್ ಸಮಸ್ಯೆ ಇಲ್ಲ.

ಆ ಮನೆಯವರ ಮೂಗನ್ನು ನೀವು ಉಪಕರಣವೆಂದು ಒಪ್ಪುವುದಿಲ್ಲ, ಸರಿಯೇ. ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ನಾತವನ್ನು ಮೂಗು ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಹಿಡಿಯುತ್ತದೆ. ಆದರೆ ಮೂಗಿಗೆ ಪ್ರಮಾಣಪತ್ರವಿಲ್ಲ, ಸೀರಿಯಲ್ ನಂಬರಿಲ್ಲ. ಅದೇ ಅನಿಲ ವಿಪರೀತ ಹೆಚ್ಚಾದರೆ ಮೂಗು ಮರಗಟ್ಟಿ ಏನೂ ತಿಳಿಯದಂತಾಗುತ್ತದೆ. ಬೇಕಾದ ಹೊತ್ತಿಗೇ ಕೆಲಸ ನಿಲ್ಲಿಸುವ ಈ ಗುಣವೊಂದರಿಂದಲಾದರೂ ಅದನ್ನು ಉಪಕರಣಗಳ ಸಾಲಿಗೆ ಸೇರಿಸಬಹುದಿತ್ತು.

ಮಧ್ಯಾಹ್ನದ ಊಟದ ನಂತರದ ಗೋಷ್ಠಿ ನನಗೆ ಬಲು ಇಷ್ಟ. ದೀಪ ಮಂದ. ಮೊದಲ ಸಾಲಿನಲ್ಲಿ ಒಬ್ಬರ ಗಲ್ಲ ಬ್ಯಾಡ್ಜಿನ ಮೇಲೆ ಒರಗಿದೆ. ಪರದೆಯ ಮೇಲೆ ಕೆಂಪು ಗೆರೆ, ಅದರ ಕೆಳಗೆ ಶಿಸ್ತಾಗಿ ನಡೆಯುವ ಹಸಿರು ಗೆರೆ. ಮುಂದಿನ ಸ್ಲೈಡ್ ಪ್ಲೀಸ್. ಕಾರ್ಖಾನೆಯ ಕೊಳದಲ್ಲಿ ಒಂಟಿ ಕಾಲಿನ ಮೇಲೆ ನಿಂತ ಬೆಳ್ಳಕ್ಕಿ. ಮುಂದಿನ ಸ್ಲೈಡ್ ಪ್ಲೀಸ್. ಆ ಹಸಿರು ಗೆರೆ ಯಾವತ್ತೂ ಕೆಂಪನ್ನು ಮುಟ್ಟದಂತೆ ಕಾಯುವ ದೇವರ ಹೆಸರು ಸರಾಸರಿ. ಬೆಂಜೀನಿಗೆ ನಮ್ಮ 2009ರ ರಾಷ್ಟ್ರೀಯ ಮಾನದಂಡ ಘನ ಮೀಟರ್ ಗಾಳಿಗೆ 5 ಮೈಕ್ರೊಗ್ರಾಂ, ಅದೂ ವರ್ಷದ ಸರಾಸರಿ. ಘಟಕ ಗಕ್ಕನೆ ನಿಂತು, ಹೆಚ್ಚುವರಿ ಅನಿಲ ಸುಡುವ ಫ್ಲೇರಿನ ಬೆಂಕಿ ಮುಗಿಲಿಗೇರಿ, ಊರೆಲ್ಲ ಎದ್ದು ಕೂತು ಕೆಮ್ಮಿದ ಒಂದು ರಾತ್ರಿಯನ್ನು 364 ಸಭ್ಯ ರಾತ್ರಿಗಳ ನಡುವೆ ಕೂರಿಸಿದರೆ ಅದೂ ಸಭ್ಯವಾಗಿಬಿಡುತ್ತದೆ. ಉಸಿರಾಡುವುದನ್ನೂ ವಾರ್ಷಿಕ ಸರಾಸರಿಯಲ್ಲೇ ಮಾಡತಕ್ಕದ್ದು ಎಂದು ಒಂದು ತಿದ್ದುಪಡಿ ತಂದರೆ ಉಳಿದ ತೊಡಕೂ ಮುಗಿಯುತ್ತದೆ.

ಆದರೆ ನಿಮ್ಮ ವೃತ್ತಿಗೊಂದು ಗ್ರಹಚಾರ ವಕ್ಕರಿಸಿತು. 2015ರಲ್ಲಿ ಅಮೆರಿಕದವರು ಹೊಸ ನಿಯಮ ಮಾಡಿ, ಸಂಸ್ಕರಣಾಗಾರದ ಬೇಲಿಯ ಸುತ್ತ ಬೆರಳುದ್ದದ ಕೊಳವೆಗಳನ್ನು ತೂಗುಹಾಕಿ ಎಂದರು. ಕರೆಂಟು ಬೇಡ, ಪಂಪು ಬೇಡ, ಸರ್ವರು ಬೇಡ. ಎರಡು ವಾರ ಸುಮ್ಮನೆ ನೇತಾಡುತ್ತದೆ, ಹಾದುಹೋಗುವ ಬೆಂಜೀನನ್ನು ಹೀರಿಟ್ಟುಕೊಳ್ಳುತ್ತದೆ, ಪ್ರಯೋಗಾಲಯಕ್ಕೆ ಹೋಗುತ್ತದೆ. ಸರಾಸರಿ ದೇವರಿಗೆ ಅಲ್ಲೂ ಒಂದು ಗುಡಿ ಕಟ್ಟಿದ್ದಾರೆನ್ನಿ: ಅತಿ ಹೆಚ್ಚು ಬಂದ ಕೊಳವೆಯ ಅಂಕಿಯಿಂದ ಅತಿ ಕಡಿಮೆ ಬಂದದ್ದನ್ನು ಕಳೆಯಬೇಕು, ಆಮೇಲೆ ವರ್ಷದ ಸರಾಸರಿ ತೆಗೆಯಬೇಕು, ಅದು 9 ಮೈಕ್ರೊಗ್ರಾಂ ದಾಟಿದರೆ ಕಾರಣ ಹುಡುಕಬೇಕು. ದಾಟಿದ್ದು ತಪ್ಪಲ್ಲ, ದಾಟಿದ ಮೇಲೂ ಹುಡುಕದಿದ್ದರೆ ತಪ್ಪು. ಇಷ್ಟು ಮೆತ್ತಗಿನ ನಿಯಮದಲ್ಲೂ ಒಂದು ಎಡವಟ್ಟಿತ್ತು. ಅಂಕಿಗಳನ್ನು ಯಾರು ಬೇಕಾದರೂ ನೋಡುವಂತೆ ಇಡಬೇಕಾಯಿತು. 2020ರಲ್ಲಿ ಎನ್ವಿರಾನ್ಮೆಂಟಲ್ ಇಂಟೆಗ್ರಿಟಿ ಪ್ರಾಜೆಕ್ಟ್ ಎಂಬ ಸಂಸ್ಥೆ ಕೂಡಿಸಿ ನೋಡಿ, ಹತ್ತು ಸಂಸ್ಕರಣಾಗಾರಗಳು ಗೆರೆ ದಾಟಿವೆ ಎಂದು ಸಾರಿತು. ಮೊದಲ ಸ್ಥಾನ ಫಿಲಡೆಲ್ಫಿಯಾದ್ದು, ಮಿತಿಯ ಹಲವು ಪಟ್ಟು.

ಆ ಬಹುಮಾನ ಪಡೆಯಲು ಅದು ಉಳಿದಿರಲಿಲ್ಲ. 2019ರ ಜೂನ್ 21ರ ನಸುಕಿನಲ್ಲಿ ಸಿಡಿದು, ಹದಿನೇಳು ಟನ್ನಿನಷ್ಟು ತೂಕದ ಪಾತ್ರೆಯೊಂದನ್ನು ಸ್ಕೂಲ್‌ಕಿಲ್ ನದಿಯಾಚೆ ಎಸೆದು, ಆಮೇಲೆ ಬಾಗಿಲು ಹಾಕಿತ್ತು. ಕಾರಣ 1973ರ ಸುಮಾರಿಗೆ ಕೂರಿಸಿದ ಒಂದು ಬಾಗಿದ ಪೈಪಿನ ತುಂಡು. ಅದರ ಉಕ್ಕಿನಲ್ಲಿ ನಿಕ್ಕಲ್ಲು, ತಾಮ್ರ ಹೆಚ್ಚಿದ್ದರಿಂದ ಹೈಡ್ರೊಫ್ಲೋರಿಕ್ ಆಮ್ಲ ಅದನ್ನು ಪಕ್ಕದ ತುಂಡುಗಳಿಗಿಂತ ಬೇಗ ತಿಂದಿತ್ತು. ಪೈಪಿನ ದಪ್ಪ ಅಳೆಯುತ್ತಿರಲಿಲ್ಲವೇ ಅಂದರೆ, ಅಳೆಯುತ್ತಿದ್ದರು. ಆ ತುಂಡು ಮಾತ್ರ ಅಳೆಯಬೇಕಾದ ಜಾಗಗಳ ಪಟ್ಟಿಯಲ್ಲಿರಲಿಲ್ಲ. ತಮಾಷೆ ಬದಿಗಿಟ್ಟು ಹೇಳುತ್ತೇನೆ: ನಿಮ್ಮ ಎಲ್ಲ ಗೋಷ್ಠಿಗಳ ಬದಲು ಆ ತುಂಡಿನ ಒಂದು ಫೋಟೋ ಪರದೆಯ ಮೇಲೆ ಹಾಕಿಟ್ಟು ಸುಮ್ಮನೆ ಕೂತಿದ್ದರೂ ಸಾಕಿತ್ತು. ಪಟ್ಟಿಯಲ್ಲಿ ಏನಿದೆಯೋ ಅದನ್ನು ನೀವು ಚಾಚೂ ತಪ್ಪದೆ ಅಳೆಯುತ್ತೀರಿ. ಪಟ್ಟಿ ಮಾಡುವವರೂ ನೀವೇ.

ನಮ್ಮಲ್ಲಿ ಪಟ್ಟಿ ತಪ್ಪಿದರೂ ದಿಗಿಲು ಬೇಡ. 2023ರ ಜನ ವಿಶ್ವಾಸ ಕಾಯ್ದೆ, ವಾಯು ಕಾಯ್ದೆಯ ಮತ್ತು ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗಳಿಗಿದ್ದ ಜೈಲನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿದೆ. ದಂಡ ಕಟ್ಟದೆ ಹಟ ಹಿಡಿದರೆ ಮಾತ್ರ ಜೈಲಿನ ಮಾತು. ಕೂತು ಲೆಕ್ಕ ಹಾಕಿದೆ. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಅರೆಯುವ, ಅಂದರೆ ಮಂಗಳೂರಿನದರಷ್ಟು ದೊಡ್ಡ ಸಂಸ್ಕರಣಾಗಾರಕ್ಕೆ ದಿನಕ್ಕೆ ಸುಮಾರು ಮೂರು ಲಕ್ಷ ಬ್ಯಾರೆಲ್ ಬೇಕು. ಬ್ಯಾರೆಲಿಗೆ 70 ಡಾಲರ್, ಡಾಲರಿಗೆ 85 ರೂಪಾಯಿ ಎಂದು ಹಿಡಿಯಿರಿ. ಪೈಪಿನಲ್ಲಿ 15 ಲಕ್ಷದ ತೈಲ ಹರಿಯಲು ಒಂದೂಕಾಲು ನಿಮಿಷ ಸಾಕು. ನಿಮ್ಮ ಸ್ವಾಗತ ಭಾಷಣ ಇದಕ್ಕಿಂತ ಉದ್ದವಿತ್ತು.

ಹಾಗಂತ ಈ ದೇಶಕ್ಕೆ ಸಂಸ್ಕರಣಾಗಾರವನ್ನು ಅಂಕೆಯಲ್ಲಿಡಲು ಬರುವುದೇ ಇಲ್ಲ ಎನ್ನಲಾರೆ. ಮಥುರಾದಲ್ಲಿ ಕಟ್ಟಲು ಹೊರಟಾಗ ತಾಜ್‌ಮಹಲಿನ ಅಮೃತಶಿಲೆ ಕೆಟ್ಟೀತೆಂದು 1974ರಲ್ಲೇ ವರದರಾಜನ್ ಸಮಿತಿ ಕೂತಿತು. ಮುಂದೆ ವಕೀಲ ಎಂ.ಸಿ. ಮೆಹ್ತಾ ಕೋರ್ಟಿಗೆ ಹೋದರು, 1996ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಸ್ಮಾರಕದ ಸುತ್ತ 10,400 ಚದರ ಕಿಲೋಮೀಟರಿನ ವಲಯಕ್ಕೆ ಕಾವಲು ಬಂತು. ಇತ್ತ ಮಂಗಳೂರಿನ ಜೋಕಟ್ಟೆಯ ಕಡೆಯವರು ಅಲ್ಲಿನ ಸಂಸ್ಕರಣಾಗಾರದ ಕೋಕ್ ಮತ್ತು ಗಂಧಕ ಘಟಕದ ಕರಿಹುಡಿ, ನಾತಗಳ ವಿರುದ್ಧ ವರ್ಷಗಟ್ಟಲೆ ಧರಣಿ ಕೂತರು. 27 ಎಕರೆ ಹಸಿರು ವಲಯ ಆಗಬೇಕೆಂದು ಆದೇಶವಾಯಿತು. ಆದೇಶ ಜಾರಿಯಾಗಲಿ ಎಂದು ಮತ್ತೆ ಧರಣಿ ಕೂತರು. ಅವರದೂ ತಪ್ಪಿದೆ. ವಾಸಕ್ಕೆಂದು ಮನೆ ಕಟ್ಟಿಕೊಂಡರು. ಬಿಳಿ ಕಲ್ಲಿನ ಒಂದು ಸ್ಮಾರಕ ಕಟ್ಟಿದ್ದರೆ ಇಷ್ಟು ಹೊತ್ತಿಗೆ ಸಮಿತಿಯೇ ಹುಡುಕಿಕೊಂಡು ಬರುತ್ತಿತ್ತು.

ಬಿನ್ನವತ್ತಳೆ ಓದಿದವನಿಗೆ ಏನಾದರೂ ಕೇಳುವ ಹಕ್ಕಿದೆ ಎಂದುಕೊಂಡು ಕೇಳುತ್ತೇನೆ. ಹಳ್ಳಿಯ ಹಾಲಿನ ಡೇರಿಗೆ ಒಂದು ಬೆಳಿಗ್ಗೆ ಬಂದು ನಿಂತು ನೋಡಿ. ಹಾಲು ತಂದ ಹೆಂಗಸಿನ ಎದುರಿಗೇ ಮಾದರಿ ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ. ಫ್ಯಾಟು, ಎಸ್‌ಎನ್‌ಎಫ್ಫು (ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟೆಂದು ಅವಳೇ ಬಗ್ಗಿ ನೋಡುತ್ತಾಳೆ. ಕಡಿಮೆ ಬಂದರೆ ಕಾರ್ಯದರ್ಶಿಯ ಜೊತೆ ಅಲ್ಲೇ ಜಗಳ, ಇನ್ನೊಮ್ಮೆ ಹಿಡಿಯೋ ಅಂತ. ತಿಂಗಳ ಸರಾಸರಿ ಚೆನ್ನಾಗಿದೆ ಕಣಮ್ಮ ಎಂದು ಅವಳಿಗೆ ಹೇಳುವ ಧೈರ್ಯ ಯಾವ ಕಾರ್ಯದರ್ಶಿಗೂ ಇಲ್ಲ. ನಿಮ್ಮ ಬೇಲಿಗೂ ಆ ಬೆರಳುದ್ದದ ಕೊಳವೆ ಕಟ್ಟಿ. ಕಟ್ಟುವಾಗ, ಬಿಚ್ಚುವಾಗ ಬೇಲಿಯಾಚೆಯವರು ಇಬ್ಬರು ನಿಂತಿರಲಿ. ಬಂದ ಅಂಕಿಯನ್ನು ಯಾವುದರಿಂದಲೂ ಕಳೆಯದೆ, ಯಾವುದಕ್ಕೂ ಭಾಗಿಸದೆ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ.

ಜನರಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಸುಮ್ಮನೆ ಗಾಬರಿ ಬೀಳುತ್ತಾರೆ ಎಂದು ನಿಮ್ಮಲ್ಲಿ ಯಾರೋ ಈಗಾಗಲೇ ಮೈಕಿಗೆ ಕೈಚಾಚಿರಬೇಕು. ಎಸ್‌ಎನ್‌ಎಫ್ ಅರ್ಥವಾದವರಿಗೆ ಮೈಕ್ರೊಗ್ರಾಂ ಅರ್ಥವಾಗುತ್ತದೆ, ಚಿಂತೆ ಬಿಡಿ. ಮೊದಲ ಕೊಳವೆ ಬಿಚ್ಚುವ ದಿನ ನೀವು ಮಾತ್ರ ಏಳೂವರೆಗೇ ಬೇಲಿಯ ಹತ್ತಿರ ಇರಬೇಕು. ಅವರು ಡೇರಿಗೆ ಹಾಲು ಹಾಕಿ ನೇರ ಅಲ್ಲಿಂದಲೇ ಬರುತ್ತಾರೆ, ಕಾಯಿಸಿದರೆ ಬೈಯುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಬಲ ಅಂಕಣದ ಖಾಯಂ ಓದುಗ